ಹಿಂಬರಹವಿಲ್ಲದ ನಿರಾಕರಣೆ

ಸ್ನೋಫ್ಲೇಕ್ ಎಂಬ ಕ್ಲೌಡ್ ಡೇಟಾಬೇಸಿಗೆ ಒಂದು ಟೇಬಲ್ಲಿನ ಹೆಸರು ಹೇಳಿ ಮಾಹಿತಿ ಕೇಳಿದರೆ ಒಮ್ಮೊಮ್ಮೆ ಬರುವ ಉತ್ತರದ ತಾತ್ಪರ್ಯ ಇಷ್ಟು: ನೀವು ಕೇಳಿದ್ದು ಇಲ್ಲ, ಅಥವಾ ಅದನ್ನು ನೋಡಲು ನಿಮಗೆ ಅಧಿಕಾರವಿಲ್ಲ. ಎರಡರಲ್ಲಿ ಯಾವುದೆಂದು ಅದು ಬಾಯಿಬಿಡುವುದಿಲ್ಲ. ಒರಾಕಲ್‌ನದು ಇನ್ನೂ ಬಿಗಿ. ಟೇಬಲ್ ಅಲ್ಲೇ ಇದ್ದರೂ ನೋಡುವ ಹಕ್ಕಿಲ್ಲದವರಿಗೆ ಅದರ 942ನೇ ನಂಬರಿನ ಎರರ್ ‘ಅಂಥ ಟೇಬಲ್ ಅಥವಾ ವ್ಯೂ ಇಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ನೇರ ಮಾತಿನಲ್ಲಿ ಇದಕ್ಕೆ ಸುಳ್ಳು ಅನ್ನಬೇಕು.

ಯೋಚಿಸಿಯೇ ಹೇಳಿಸಿದ ಸುಳ್ಳು ಇದು. ‘ಅಧಿಕಾರವಿಲ್ಲ’ ಎಂದರೆ ಟೇಬಲ್ ಇದೆ ಎಂದು ಒಪ್ಪಿಕೊಂಡಂತಾಯಿತು. ಸಂಬಳದ ಹೆಸರಿನಲ್ಲಿ ಒಂದು ಟೇಬಲ್ ಇದೆ ಎಂದು ಖಾತ್ರಿಯಾಗುವುದೇ ಕದಿಯಲು ಬಂದವನಿಗೆ ದೊಡ್ಡ ಲಾಭ. ಬಳಕೆದಾರರ ಹೆಸರು ತಪ್ಪಾಯಿತೋ ಪಾಸ್‌ವರ್ಡ್ ತಪ್ಪಾಯಿತೋ ಎಂದು ಬ್ಯಾಂಕಿನ ಜಾಲತಾಣ ಬಿಡಿಸಿ ಹೇಳದಿರುವುದೂ ಇದೇ ಕಾರಣಕ್ಕೆ. ಈ ವಾದ ನನಗೂ ಒಪ್ಪಿಗೆ. ತಕರಾರಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಹೊರಗಿನವನಿಂದ ಮುಚ್ಚಿಟ್ಟ ಕಾರಣವನ್ನು ಒಳಗೆ ಎಲ್ಲಾದರೂ ಬರೆದಿಡಬೇಕು, ಬರೆದದ್ದನ್ನು ಓದುವ ಹಕ್ಕು ಕೆಲಸ ಮಾಡುವವರ ಕೈಗೆಟಕುವಂತಿರಬೇಕು. ಇಷ್ಟು ಮಾಡದೆ ಬರೀ ‘ಇಲ್ಲ’ ಎಂದು ಹೇಳುತ್ತ ಕೂತರೆ, ಒಳಗಿನ ಪ್ರಾಮಾಣಿಕರೇ ಬೇಸತ್ತು ಎಲ್ಲ ಕಟ್ಟುಪಾಡನ್ನೂ ಒಟ್ಟಿಗೆ ಕಿತ್ತುಹಾಕುತ್ತಾರೆ. ಕನೆಕ್ಷನ್ ಮತ್ತು ಪರ್ಮಿಷನ್ ತಕರಾರುಗಳನ್ನು ಬಿಡಿಸುವವರ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಇದು ಎಷ್ಟು ಸಲೀಸಾಗಿ ನಡೆದುಹೋಗುತ್ತದೆ ಎಂಬುದು ತಿಳಿಯುತ್ತದೆ.

ಸರ್ಕಾರಿ ಕಚೇರಿಗಳನ್ನು ಬೈಯುವುದು ನಮಗೆ ರೂಢಿ. ಆದರೂ ಈ ವಿಷಯದಲ್ಲಿ ನಮ್ಮ ಕಾನೂನು ಕಂಪ್ಯೂಟರಿಗಿಂತ ಮುಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 7(8)ನೇ ಸೆಕ್ಷನ್ ಪ್ರಕಾರ ಅರ್ಜಿ ತಿರಸ್ಕರಿಸುವ ಅಧಿಕಾರಿ ಮೂರು ಸಂಗತಿ ತಿಳಿಸಲೇಬೇಕು: ತಿರಸ್ಕಾರಕ್ಕೆ ಕಾರಣ, ಮೇಲ್ಮನವಿ ಹಾಕಲು ಇರುವ ಅವಧಿ, ಆ ಮೇಲ್ಮನವಿ ಯಾರ ಮುಂದೆ ಹೋಗಬೇಕೆಂಬ ವಿವರ. ಗುಟ್ಟನ್ನು ಬಿಟ್ಟುಕೊಡಿ ಎಂದು ಈ ಸೆಕ್ಷನ್ ಹೇಳುತ್ತಿಲ್ಲ. ನಿರಾಕರಣೆಗೆ ಒಂದು ವಿಳಾಸವಿರಲಿ ಎನ್ನುತ್ತದೆ, ಅಷ್ಟೇ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಬಿದ್ದುಹೋದರೂ ಹಿಂಬರಹ ಕೇಳಿ ಪಡೆಯುವ ರೈತನಿಗೆ ಇದರ ಬೆಲೆ ಗೊತ್ತು. ಆ ಕಾಗದ ಕೈಯಲ್ಲಿದ್ದರೆ ಮುಂದೆ ಯಾರ ಹತ್ತಿರ ಹೋಗಬೇಕೆಂಬುದು ಗೊತ್ತಾಗುತ್ತದೆ. ಡೇಟಾಬೇಸ್ ‘ಇಲ್ಲ’ ಅನ್ನುವಾಗಲೂ ಕೇಳಬೇಕಾದದ್ದು ಇಷ್ಟನ್ನೇ.

ಈ ಕೆಲಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಒಂದು ಕಂಪನಿಯ ಮಾರಾಟದ ಲೆಕ್ಕ ಪೋಸ್ಟ್‌ಗ್ರೆಸ್‌ನಲ್ಲಿರುತ್ತದೆ, ಗೋದಾಮಿನದು ಮೈಎಸ್‌ಕ್ಯುಎಲ್‌ನಲ್ಲಿ, ಹಳೆಯ ಹಣಕಾಸಿನದು ಒರಾಕಲ್‌ನಲ್ಲಿ. ಇವನ್ನೆಲ್ಲ ಹೊತ್ತುಹೊತ್ತಿಗೆ ತಂದು ಒಂದೇ ಕಡೆ ಸೇರಿಸುವುದು ಇಂಟಿಗ್ರೇಷನ್ ಸೇವೆಯ ಕೆಲಸ. ಅಮೆಜಾನಿನ ಗ್ಲೂ, ಮೈಕ್ರೋಸಾಫ್ಟಿನ ಡೇಟಾ ಫ್ಯಾಕ್ಟರಿ, ಫೈವ್‌ಟ್ರಾನ್ ಮುಂತಾದವು ಈ ಜಾತಿಯವು. ಬೆಂಗಳೂರಿನ ಔಟರ್ ರಿಂಗ್ ರೋಡಿನ ಉದ್ದಕ್ಕೂ ಇರುವ ಕಚೇರಿಗಳಲ್ಲಿ ಇಂಥ ಪೈಪ್‌ಲೈನುಗಳನ್ನು ಕಾಯುವುದೇ ಉದ್ಯೋಗವಾಗಿರುವ ಬಹಳ ಜನರಿದ್ದಾರೆ. ಇವರ ಪಾಡು ವಿಚಿತ್ರ. ಡೇಟಾಬೇಸ್ ಅದರ ನಿರ್ವಾಹಕರಾದ ಡಿಬಿಎ ಸುಪರ್ದಿನಲ್ಲಿರುತ್ತದೆ, ಫೈರ್‌ವಾಲ್ ನೆಟ್‌ವರ್ಕ್ ಟೀಮಿನದು, ಕ್ಲೌಡ್ ಖಾತೆಯ ಕೀಲಿ ಸೆಕ್ಯುರಿಟಿಯವರ ಹತ್ತಿರ, ಇಂಟಿಗ್ರೇಷನ್ ಸೇವೆ ಹೊರಗಿನ ಕಂಪನಿಯದು. ಎರರ್ ಬೀಳುವುದು ಒಬ್ಬರ ಪರದೆಯ ಮೇಲೆ, ಅದರ ಕಾರಣ ಇರುವುದು ಇನ್ನೊಬ್ಬರ ಲಾಗಿನಲ್ಲಿ. ಲಾಗ್ ನೋಡುವವರಿಗೆ ಎರರ್ ಬಿದ್ದದ್ದೇ ಗೊತ್ತಿರುವುದಿಲ್ಲ, ಎರರ್ ನೋಡಿದವರಿಗೆ ಲಾಗ್ ನೋಡುವ ಅಧಿಕಾರವಿರುವುದಿಲ್ಲ. ನಡುವೆ ಓಡಾಡುವುದು ಟಿಕೆಟ್ ಎಂಬ ದೂರಿನ ಚೀಟಿ ಒಂದೇ.

ಕನೆಕ್ಷನ್ ಹಂತದಲ್ಲೇ ನೋಡಿ. ಪೋಸ್ಟ್‌ಗ್ರೆಸ್ ಇರುವ ಯಂತ್ರದ 5432ನೇ ಪೋರ್ಟಿಗೆ ಕರೆ ಹೋಯಿತು ಅನ್ನಿ. ಎರಡು ಬಗೆಯ ಸೋಲು ಸಾಮಾನ್ಯ. ಒಂದರಲ್ಲಿ ‘ಕನೆಕ್ಷನ್ ರಿಫ್ಯೂಸ್ಡ್’ ಎಂಬ ಉತ್ತರ ತಕ್ಷಣ ಬರುತ್ತದೆ. ಇನ್ನೊಂದರಲ್ಲಿ ಏನೂ ಬರುವುದಿಲ್ಲ. ಕಾದು ಕಾದು ಕೊನೆಗೆ ‘ಟೈಮ್ಡ್ ಔಟ್’ ಎಂದು ನಮ್ಮದೇ ಯಂತ್ರ ಕೈಚೆಲ್ಲುತ್ತದೆ. ಹೊಸಬರು ಎರಡನ್ನೂ ‘ಕನೆಕ್ಟ್ ಆಗ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವ್ಯತ್ಯಾಸ ಮಾತ್ರ ದೊಡ್ಡದು. ಮೊದಲನೆಯದು ಒಳ್ಳೆಯ ಸುದ್ದಿ. ಹೆಸರಿನಿಂದ ವಿಳಾಸ ಸಿಕ್ಕಿದೆ, ದಾರಿ ತೆರೆದಿದೆ, ಆ ಕಡೆಯಿಂದ ಯಾರೋ ಉತ್ತರ ಕೊಟ್ಟಿದ್ದಾರೆ; ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಇಲ್ಲ, ಅಷ್ಟೇ. ಪೋಸ್ಟ್‌ಗ್ರೆಸ್ ಹೊಸದಾಗಿ ಹಾಕಿದಾಗ ತಾನಿರುವ ಯಂತ್ರದ ಒಳಗಿನ ಕರೆಗಳನ್ನು ಮಾತ್ರ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಬಲ್ಲವರು ಇಲ್ಲಿ ಬೇಗ ಪಾರಾಗುತ್ತಾರೆ. ಎರಡನೆಯದರಲ್ಲಿ ಹೆಚ್ಚಾಗಿ ನಡುದಾರಿಯ ಫೈರ್‌ವಾಲ್ ಕರೆಯನ್ನು ನುಂಗಿರುತ್ತದೆ. ನುಂಗಿದ್ದು ಯಾರು, ಯಾವ ನಿಯಮದ ಪ್ರಕಾರ, ಎಂಬುದರ ಸುಳಿವೇ ಇರುವುದಿಲ್ಲ.

ಕಾರಣ ಹೇಳುವ ವ್ಯವಸ್ಥೆಯೇ ಇಲ್ಲ ಎಂದೇನಲ್ಲ. 1995ರಲ್ಲಿ ಬಂದ ಇಂಟರ್ನೆಟ್ ರೌಟರುಗಳ ನಿಯಮಾವಳಿ, ಅಂದರೆ ಆರ್‌ಎಫ್‌ಸಿ 1812, ‘ಆಡಳಿತಾತ್ಮಕವಾಗಿ ನಿಷೇಧಿಸಲಾಗಿದೆ’ ಎಂದು ಹೇಳುವುದಕ್ಕೆಂದೇ ಒಂದು ಸಂಕೇತವನ್ನು ಗೊತ್ತುಮಾಡಿದೆ: ಐಸಿಎಂಪಿ ಎಂಬ ಸಂದೇಶ ವ್ಯವಸ್ಥೆಯ ಮೂರನೇ ವಿಧ, 13ನೇ ಕೋಡ್. ಅಲ್ಲೂ ಒಂದು ಸರ್ಕಾರಿ ಶೈಲಿಯ ಗತ್ತು ಇದೆ, ಇರಲಿ. ಆದರೆ ಇವತ್ತಿನ ಕ್ಲೌಡ್‌ನಲ್ಲಿ ಈ ಸೌಜನ್ಯ ಉಳಿದಿಲ್ಲ. ಅಮೆಜಾನಿನ ಸೆಕ್ಯುರಿಟಿ ಗ್ರೂಪ್ ಒಪ್ಪದ ಕರೆಯನ್ನು ಸದ್ದಿಲ್ಲದೆ ಬಿಸಾಡುತ್ತದೆ. ಅಂತರ್ಜಾಲಕ್ಕೆ ಮುಖಮಾಡಿದ ಯಂತ್ರಕ್ಕೆ ಇದು ಸರಿ. ಪೋರ್ಟುಗಳನ್ನು ತಡವುತ್ತ ಬರುವವನ ಕೆಲಸ ನಿಧಾನವಾಗುತ್ತದೆ. ಒಂದೇ ಕಂಪನಿಯ ಒಳಜಾಲದಲ್ಲಿ, ಪಕ್ಕದ ಮಹಡಿಯ ಟೀಮು ಕರೆದಾಗಲೂ ಇದೇ ಮೌನ ಯಾಕೆ ಎಂಬುದಕ್ಕೆ ನನಗೆ ಒಳ್ಳೆಯ ಉತ್ತರ ಸಿಕ್ಕಿಲ್ಲ. ಒಂದು ಸಮಾಧಾನವಿದೆ. ಅದೇ ಅಮೆಜಾನ್‌ನಲ್ಲಿ ಫ್ಲೋ ಲಾಗ್ ಎಂಬುದನ್ನು ಚಾಲೂ ಮಾಡಿಟ್ಟಿದ್ದರೆ, ಬಿಸಾಡಿದ ಪ್ರತಿ ಕರೆಯ ಮುಂದೆ ‘ರಿಜೆಕ್ಟ್’ ಎಂಬ ಪದ ದಾಖಲಾಗಿರುತ್ತದೆ. ಹಿಂಬರಹ ಇದೆ, ಆದರೆ ಚಾಲೂ ಮಾಡಬೇಕು; ಮಾಡಿದ ಮೇಲೆ ಓದಲು ಬಿಡಬೇಕು. ಎಷ್ಟೋ ಕಡೆ ಈ ಎರಡರಲ್ಲೊಂದು ತಪ್ಪಿರುತ್ತದೆ.

ದಾರಿ ಸಿಕ್ಕ ಮೇಲೆ ಗುರುತು ತೋರಿಸುವ ಹಂತ. ಇಲ್ಲಿ ಪೋಸ್ಟ್‌ಗ್ರೆಸ್ ಮಾಡಿರುವ ಏರ್ಪಾಡು ನನ್ನ ವಾದಕ್ಕೆ ಒಳ್ಳೆಯ ಮಾದರಿ. ಹೊರಗಿನಿಂದ ಬಂದವರಿಗೆ ಅದು ಹೇಳುವುದು ಒಂದೇ ಸಾಲು: ಇಂಥ ಬಳಕೆದಾರರ ಪಾಸ್‌ವರ್ಡ್ ದೃಢೀಕರಣ ವಿಫಲವಾಗಿದೆ. ಒಳಗೆ ಸರ್ವರಿನ ಲಾಗಿನಲ್ಲಿ ಮಾತ್ರ ಅದೇ ಘಟನೆಯ ಕೆಳಗೆ ಇನ್ನೊಂದು ಸಾಲು ಬರೆದಿರುತ್ತದೆ. ಆ ಹೆಸರಿನ ರೋಲ್ (ಬಳಕೆದಾರರ ಖಾತೆ) ಇಲ್ಲವೇ ಇಲ್ಲ, ರೋಲ್ ಇದೆ ಆದರೆ ಪಾಸ್‌ವರ್ಡ್ ಇಟ್ಟಿಲ್ಲ, ಪಾಸ್‌ವರ್ಡಿನ ಅವಧಿ ಮುಗಿದಿದೆ, ಪಾಸ್‌ವರ್ಡ್ ಹೊಂದುತ್ತಿಲ್ಲ: ನಾಲ್ಕು ಬೇರೆ ಬೇರೆ ಕಾರಣ, ನಾಲ್ಕಕ್ಕೂ ಬೇರೆ ಬೇರೆ ಮದ್ದು. ಯಾವ ನಿಯಮದ ಎಷ್ಟನೇ ಸಾಲಿಗೆ ಈ ಕರೆ ತಾಳೆಯಾಯಿತು ಎಂಬುದನ್ನೂ ಅಲ್ಲಿಯೇ ಬರೆದಿರುತ್ತದೆ. ಕಳ್ಳನಿಗೆ ಗುಟ್ಟು ಬಿಟ್ಟುಕೊಡದೆ ಮನೆಯವರಿಗೆ ಪೂರ್ತಿ ವಿಷಯ ಹೇಳುವುದು ಸಾಧ್ಯವಿದೆ. ಎರಡನ್ನೂ ಒಟ್ಟಿಗೆ ಮಾಡಲಾಗದು ಎನ್ನುವವರಿಗೆ ಇದೇ ಉತ್ತರ.

ಇದೇ ಪೋಸ್ಟ್‌ಗ್ರೆಸ್ ಇನ್ನೊಂದು ಎರರಿನಲ್ಲಿ ಹೊರಗಿನವರಿಗೂ ಧಾರಾಳವಾಗಿ ಮಾತಾಡುತ್ತದೆ. ಯಾರು ಎಲ್ಲಿಂದ ಬರಬಹುದು ಎಂಬ ಪಟ್ಟಿ ಇರುವುದು ಪಿಜಿ_ಎಚ್‌ಬಿಎ ಎಂಬ ಫೈಲಿನಲ್ಲಿ. ಅದರಲ್ಲಿ ಜಾಗ ಸಿಗದವರಿಗೆ ಬರುವ ಸಾಲು ಹೀಗಿರುತ್ತದೆ: ಈ ಐಪಿ ವಿಳಾಸ, ಈ ಬಳಕೆದಾರ, ಈ ಡೇಟಾಬೇಸ್, ‘ನೋ ಎನ್‌ಕ್ರಿಪ್ಷನ್’, ಇದಕ್ಕೆ ಪಟ್ಟಿಯಲ್ಲಿ ನಮೂದು ಇಲ್ಲ. ನಾಲ್ಕು ವಿವರ, ನಾಲ್ಕೂ ಮುಖ್ಯ. ಐಪಿ ವಿಳಾಸ ನಾವಂದುಕೊಂಡದ್ದೇನಾ, ಅಥವಾ ನಡುವಿನ ಗೇಟ್‌ವೇ ಬದಲಿಸಿ ಕಳಿಸಿದ್ದಾ ಎಂದು ಮೊದಲು ನೋಡಬೇಕು. ಇಂಟಿಗ್ರೇಷನ್ ಸೇವೆಗಳಲ್ಲಿ ಹೆಚ್ಚು ಎಡವುವುದು ಇಲ್ಲಿ. ಆಮೇಲೆ ಕೊನೆಯ ಎರಡು ಪದ. ಪಟ್ಟಿಯಲ್ಲಿ ನಮೂದು ಇದ್ದೇ ಇರಬಹುದು, ಆದರೆ ಅದು ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಮೂಲಕ ಬರುವವರಿಗೆ ಮಾತ್ರ ಎಂದಿರಬಹುದು. ಆಗ ಸರಿಪಡಿಸಬೇಕಾದದ್ದು ಇಂಟಿಗ್ರೇಷನ್ ಸೇವೆಯ ಕನೆಕ್ಷನ್ ಪುಟದಲ್ಲಿರುವ ಎಸ್‌ಎಸ್‌ಎಲ್ ಗುಂಡಿ. ಸರ್ವರನ್ನು ಮುಟ್ಟುವ ಅಗತ್ಯವೇ ಇಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಅವಸರದಲ್ಲಿದ್ದವರು ‘ನಮೂದು ಇಲ್ಲ’ ಎಂಬುದನ್ನಷ್ಟೇ ಓದಿ, ಎಲ್ಲ ವಿಳಾಸದಿಂದ ಎಲ್ಲ ಬಳಕೆದಾರರಿಗೂ ಪ್ರವೇಶ ಕೊಡುವ ಹೊಸ ಸಾಲೊಂದನ್ನು ಸೇರಿಸಿಬಿಡುತ್ತಾರೆ. ಈ ಫೈಲಿನಲ್ಲಿ ಮೊದಲು ತಾಳೆಯಾದ ಸಾಲೇ ಅಂತಿಮ; ಅದು ಸೋತರೆ ಮುಂದಿನದನ್ನು ನೋಡುವ ಪದ್ಧತಿ ಇಲ್ಲ. ಆದ್ದರಿಂದ ಹೊಸ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದರೆ ಕೆಳಗಿನ ಎಚ್ಚರಿಕೆಯ ಸಾಲುಗಳೆಲ್ಲ ಅಲಂಕಾರಕ್ಕೆ ಉಳಿಯುತ್ತವೆ. ಎರರ್ ಹೋಯಿತು, ಟಿಕೆಟ್ ಮುಚ್ಚಿತು.

ಪರ್ಮಿಷನ್ ವಿಷಯಕ್ಕೆ ಬಂದರೆ ಇದಕ್ಕಿಂತ ಗೋಜಲು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್ ಓದಲು ಮೂರು ಬೇರೆ ಬೇರೆ ಅನುಮತಿ ಬೇಕು: ಡೇಟಾಬೇಸಿಗೆ ಕನೆಕ್ಟ್ ಆಗುವುದು, ಟೇಬಲ್ಲುಗಳ ಗುಂಪಾದ ಸ್ಕೀಮಾ ಬಳಸುವುದು, ಟೇಬಲ್ಲಿನಿಂದ ಸೆಲೆಕ್ಟ್ ಮಾಡುವುದು. ಟೇಬಲ್ಲಿನ ಅನುಮತಿ ಕೊಟ್ಟು ಸ್ಕೀಮಾದ್ದನ್ನು ಮರೆಯುವುದು ದಿನನಿತ್ಯದ ಕತೆ. ಅದು ಮುಗಿದರೂ ಮುಂದೆ ಇನ್ನೊಂದು ಇದೆ. ‘ಈ ಸ್ಕೀಮಾದ ಎಲ್ಲ ಟೇಬಲ್ಲುಗಳಿಗೂ’ ಎಂದು ಕೊಟ್ಟ ಅನುಮತಿ ಅವತ್ತು ಇದ್ದ ಟೇಬಲ್ಲುಗಳಿಗೆ ಮಾತ್ರ. ಮರುದಿನ ಹುಟ್ಟಿದ ಟೇಬಲ್ಲಿಗೆ ಅದು ಹರಿಯುವುದಿಲ್ಲ. ಹಳೆಯ ಟೇಬಲ್ಲನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಕಟ್ಟಿದರೆ ಹಿಂದಿನ ಅನುಮತಿಗಳೂ ಹಳೆಯದರ ಜೊತೆಗೇ ಹೋದವು. ಡೀಫಾಲ್ಟ್ ಪ್ರಿವಿಲೇಜ್ ಎಂಬ ಸೌಲಭ್ಯದಿಂದ ಮುಂದಿನ ಟೇಬಲ್ಲುಗಳಿಗೂ ಅನುಮತಿ ಕೊಟ್ಟಿಡಬಹುದು, ಆದರೆ ಅದು ಅನ್ವಯಿಸುವುದು ನಿರ್ದಿಷ್ಟ ರೋಲ್ ಕಟ್ಟಿದ ಟೇಬಲ್ಲುಗಳಿಗಷ್ಟೇ. ಟೇಬಲ್ ಕಟ್ಟುವ ಕೆಲಸ ಬೇರೊಂದು ರೋಲಿಗೆ ಹೋದ ದಿನ ಏರ್ಪಾಡು ಸದ್ದಿಲ್ಲದೆ ಮುರಿದುಬೀಳುತ್ತದೆ. ‘ನಿನ್ನೆ ತನಕ ಓಡ್ತಿತ್ತು, ನಾವೇನೂ ಮುಟ್ಟಿಲ್ಲ’ ಎಂಬ ಮಾತು ಇಂಟಿಗ್ರೇಷನ್ ಟೀಮಿನವರ ಬಾಯಲ್ಲಿ ಬಂದಾಗ ನಗುವವರಿದ್ದಾರೆ. ಹೆಚ್ಚಿನ ಸಲ ಆ ಮಾತು ನಿಜ. ಮುಟ್ಟಿದ್ದು ಇನ್ನೊಬ್ಬರು, ಮುಟ್ಟಿದವರಿಗೆ ಈ ಪೈಪ್‌ಲೈನ್ ಒಂದಿದೆ ಎಂಬುದೇ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ಡಿಬಿಎ ಮೇಜಿನ ಬಳಿ ನಡೆಯುವ ಮಾತುಕತೆ ಬೆಂಗಳೂರಿನ ಯಾವ ಕಚೇರಿಯಲ್ಲೂ ಹೆಚ್ಚು ಕಡಿಮೆ ಒಂದೇ.

‘ಸಾರ್, ಸದ್ಯಕ್ಕೆ ಒಂದ್ಸಲ ಎಲ್ಲಾ ಪರ್ಮಿಷನ್ನೂ ಕೊಟ್ಬಿಡಿ. ಜಾಬ್ ಓಡ್ಲಿ, ಆಮೇಲೆ ಬೇಕಾದ್ರೆ ತೆಗೆಯೋಣ.’

‘ಯಾವ ಟೇಬಲ್ಲಿಗೆ ಬೇಕು ಅಂತ ಹೇಳಪ್ಪಾ, ಅದಕ್ಕೆ ಮಾತ್ರ ಕೊಡ್ತೀನಿ.’

‘ಅದೇ ಗೊತ್ತಾಗ್ತಿಲ್ವಲ್ಲ ಸಾರ್. ಎರರಲ್ಲಿ ಏನೂ ಇಲ್ಲ. ಬೆಳಿಗ್ಗೆ ಕ್ಲೈಂಟ್ ಕಾಲ್ ಬೇರೆ ಇದೆ.’

ಕೇಳುವವನು ಸೋಮಾರಿ ಅಲ್ಲ, ಕೊಡುವವರು ಬೇಜವಾಬ್ದಾರಿ ಅಲ್ಲ. ಯಾವುದು ಕಡಿಮೆ ಬಿದ್ದಿದೆ ಎಂದು ತಿಳಿಯುವ ದಾರಿ ಇಲ್ಲದಿರುವಾಗ ಎಲ್ಲವನ್ನೂ ಕೊಡುವುದೇ ಜಾಣತನವಾಗಿ ಕಾಣುತ್ತದೆ. ‘ಆಮೇಲೆ ತೆಗೆಯೋಣ’ ಎಂಬಲ್ಲಿನ ಆ ‘ಆಮೇಲೆ’ ಬರುವುದೇ ಇಲ್ಲ, ಯಾಕೆಂದರೆ ಓಡುತ್ತಿರುವ ಜಾಬನ್ನು ಮುಟ್ಟಿ ಕೆಡಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಬರೀ ಓದುವುದಷ್ಟೇ ಬೇಕಿದ್ದ ಪೈಪ್‌ಲೈನಿಗೆ ಅಳಿಸುವ ಅಧಿಕಾರವೂ ವರ್ಷಗಟ್ಟಲೆ ಉಳಿದುಬಿಡುತ್ತದೆ. 2021ರಲ್ಲಿ ಬಂದ ಪೋಸ್ಟ್‌ಗ್ರೆಸ್ 14ನೇ ಆವೃತ್ತಿ ‘ಎಲ್ಲವನ್ನೂ ಓದು, ಏನನ್ನೂ ಬದಲಿಸಬೇಡ’ ಎಂಬ ಅರ್ಥದ ಸಿದ್ಧ ರೋಲೊಂದನ್ನು ಕೊಟ್ಟಿತು. ಅವಸರಕ್ಕೆ ಅಷ್ಟಾದರೂ ಮೇಲು. ಹೀಗೆ ಒಂದು ಸಿದ್ಧ ರೋಲ್ ಕೊಡಬೇಕಾಯಿತು ಎಂಬುದೇ ಬಿಡಿ ಬಿಡಿಯಾಗಿ ಅನುಮತಿ ಹೊಂದಿಸುವುದು ಎಷ್ಟು ತ್ರಾಸದ ಕೆಲಸ ಎಂಬುದಕ್ಕೆ ಸಾಕ್ಷಿ.

ಹೆಚ್ಚುವರಿ ಅಧಿಕಾರದ ಬೆಲೆ ಎಷ್ಟು ಎಂಬುದಕ್ಕೆ 2019ರ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣ ನೋಡಬಹುದು. ಸರಿಯಾಗಿ ಹೊಂದಿಸದ ಒಂದು ಫೈರ್‌ವಾಲ್ ಮೂಲಕ ಒಳಬಂದವರಿಗೆ ಆ ಫೈರ್‌ವಾಲಿನ ಗುರುತೇ ಕೈಗೆ ಸಿಕ್ಕಿತು. ಕರೆಗಳನ್ನು ಸೋಸುವುದಷ್ಟೇ ಕೆಲಸವಾಗಿದ್ದ ಅದಕ್ಕೆ ಬ್ಯಾಂಕಿನ ಸಂಗ್ರಹದಲ್ಲಿದ್ದ ಕಡತಗಳ ಪಟ್ಟಿ ನೋಡುವ, ಅವನ್ನು ಓದುವ ಅಧಿಕಾರವೂ ಇತ್ತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರ ಹೊರಹೋಯಿತು. ಮರುವರ್ಷ ಅಲ್ಲಿನ ಬ್ಯಾಂಕ್ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದರು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ಭದ್ರತೆ ಇಟ್ಟುಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡದ ಮಾತಾಡುತ್ತದೆ. ಮೇಲಿನ ಮಾತುಕತೆಯ ‘ಎಲ್ಲಾ ಪರ್ಮಿಷನ್ನೂ ಕೊಟ್ಬಿಡಿ’ ಎಂಬುದನ್ನು ಈ ಅಂಕಿಯ ಪಕ್ಕದಲ್ಲಿಟ್ಟು ಓದಬೇಕು.

ಕನೆಕ್ಷನ್ ವಿಷಯದಲ್ಲೂ ಅಷ್ಟೇ. 2017ರ ಆರಂಭದಲ್ಲಿ ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಸಾವಿರಾರು ಮಾಂಗೊಡಿಬಿ ಡೇಟಾಬೇಸುಗಳನ್ನು ಯಾರೋ ಅಳಿಸಿ, ಹಣ ಕೊಟ್ಟರೆ ವಾಪಸ್ ಕೊಡುತ್ತೇವೆ ಎಂಬ ಚೀಟಿಯನ್ನು ಅದೇ ಡೇಟಾಬೇಸಿನೊಳಗೆ ಬಿಟ್ಟುಹೋದರು. ಆ ವರ್ಷದ ಕೊನೆಗೆ ಬಂದ 3.6ನೇ ಆವೃತ್ತಿ ತನ್ನದೇ ಯಂತ್ರದ ಒಳಗಿನ ಕರೆಗಳನ್ನು ಮಾತ್ರ ಕೇಳಿಸಿಕೊಳ್ಳುವಂತೆ ಬದಲಾಯಿತು. ಒಳ್ಳೆಯ ತಿದ್ದುಪಡಿ. ಆದರೆ ಅದರಾಚೆಗೂ ಹೊರಗಿನ ಯಂತ್ರದಿಂದ ಕರೆದವರಿಗೆ ಸಿಗುವುದು ಅದೇ ‘ಕನೆಕ್ಷನ್ ರಿಫ್ಯೂಸ್ಡ್’. ಅದಕ್ಕೆ ಬಾಯಿಂದ ಬಾಯಿಗೆ ಹರಿದಾಡುವ ಪರಿಹಾರ, ಬೈಂಡ್ ವಿಳಾಸದ ಜಾಗದಲ್ಲಿ ನಾಲ್ಕು ಸೊನ್ನೆ ಹಾಕುವುದು. ಅಂದರೆ ಎಲ್ಲ ಕಡೆಯಿಂದಲೂ ಬರಲಿ ಎನ್ನುವುದು. ಸುರಕ್ಷಿತವಾದ ಡೀಫಾಲ್ಟ್ ಇಟ್ಟರಷ್ಟೇ ಸಾಲದು. ಆ ಡೀಫಾಲ್ಟ್ ತಡೆದಾಗ ಯಾಕೆ ತಡೆಯಿತು, ಅದನ್ನು ಎಷ್ಟು ಮಾತ್ರ ಸಡಿಲಿಸಬೇಕು ಎಂದು ಹೇಳದಿದ್ದರೆ ಜನ ಅದನ್ನು ಪೂರ್ತಿ ಬಿಚ್ಚುತ್ತಾರೆ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕಲ್ ಶ್ರೋಡರ್ 1975ರಲ್ಲಿ ಕಂಪ್ಯೂಟರಿನಲ್ಲಿ ಮಾಹಿತಿ ರಕ್ಷಣೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಎಂಟು ತತ್ವಗಳಿವೆ. ಅವುಗಳಲ್ಲಿ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂಬುದನ್ನು ಸೆಕ್ಯುರಿಟಿ ತರಬೇತಿಗಳಲ್ಲೆಲ್ಲ ಉರುಹೊಡೆಸುತ್ತಾರೆ. ಅದೇ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಇದೆ: ರಕ್ಷಣೆಯ ಏರ್ಪಾಡು ಬಳಸುವವರ ಮನಸ್ಸಿಗೆ ಒಗ್ಗುವಂತಿರಬೇಕು, ಸರಿಯಾದ ರೀತಿಯಲ್ಲಿ ಬಳಸುವುದೇ ಅವರಿಗೆ ಸಹಜವಾಗಿ ಬರಬೇಕು. ಮೊದಲನೆಯದನ್ನು ಪಾಲಿಸದ ನೌಕರನಿಗೆ ಮೆಮೊ ಕೊಡುತ್ತಾರೆ. ಎರಡನೆಯದನ್ನು ಪಾಲಿಸದ ಸಾಫ್ಟ್‌ವೇರನ್ನು ಕೇಳುವವರಿಲ್ಲ.

ಇಷ್ಟು ಹೊತ್ತು ಮಾತಾಡಿದ್ದು ಕಾರಣ ಹೇಳದ ನಿರಾಕರಣೆಯ ಬಗ್ಗೆ. ಇದಕ್ಕಿಂತ ಕೆಟ್ಟದ್ದು ತಾನು ನಿರಾಕರಣೆ ಎಂದೇ ಹೇಳಿಕೊಳ್ಳದ ನಿರಾಕರಣೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ಲಿನ ಯಾವ ಯಾವ ಸಾಲುಗಳನ್ನು ಯಾರು ನೋಡಬಹುದು ಎಂದು ನಿಯಮ ಹಾಕುವ ಸೌಲಭ್ಯವಿದೆ. ಆ ನಿಯಮ ಚಾಲೂ ಇದ್ದು, ನಿಮ್ಮ ಪರವಾಗಿ ಯಾವ ನಿಯಮವೂ ಇಲ್ಲದಿದ್ದರೆ ಎರರ್ ಬರುವುದಿಲ್ಲ. ಸಾಲುಗಳು ಬರುವುದಿಲ್ಲ, ಅಷ್ಟೇ. ಇಂಟಿಗ್ರೇಷನ್ ಜಾಬ್ ಹಸಿರು ಬಣ್ಣದಲ್ಲಿ ‘ಯಶಸ್ವಿ’ ಎಂದು ತೋರಿಸುತ್ತದೆ. ಸಾಗಿಸಿದ ಸಾಲುಗಳು ಸೊನ್ನೆ. ಟೇಬಲ್ಲುಗಳ ಪಟ್ಟಿ ಕೇಳಿದಾಗಲೂ ಇದೇ ರೀತಿ. ಇನ್‌ಫರ್ಮೇಷನ್ ಸ್ಕೀಮಾ ತೋರಿಸುವುದು ನಿಮಗೆ ಹಕ್ಕಿರುವ ಟೇಬಲ್ಲುಗಳನ್ನು ಮಾತ್ರ, ಉಳಿದವು ಇಲ್ಲವೆಂಬಂತೆಯೇ. ಕಡಿಮೆ ಬಂದದ್ದು ಗೊತ್ತಾಗುವುದು ತಿಂಗಳ ಕೊನೆಯಲ್ಲಿ, ಲೆಕ್ಕದವರು ಮೊತ್ತ ತಾಳೆಯಾಗುತ್ತಿಲ್ಲ ಎಂದು ಫೋನ್ ಮಾಡಿದಾಗ.

ಪೋಸ್ಟ್‌ಗ್ರೆಸ್ ಕಟ್ಟಿದವರಿಗೆ ಈ ಅಪಾಯದ ಅರಿವಿತ್ತು. ಅವರ ಪಿಜಿ_ಡಂಪ್ ಎಂಬ ಬ್ಯಾಕಪ್ ಸಾಧನ ಕೆಲಸ ಶುರುಮಾಡುವ ಮೊದಲು ಈ ಸಾಲು-ನಿಯಮದ ಸೋಸುವಿಕೆಯನ್ನು ಬಂದ್ ಮಾಡಿಕೊಳ್ಳುತ್ತದೆ. ಅದರಿಂದ ಅದಕ್ಕೆ ಹೆಚ್ಚಿನ ಅಧಿಕಾರವೇನೂ ಸಿಗುವುದಿಲ್ಲ. ಸೋಸಬೇಕಾದ ಸಂದರ್ಭ ಬಂದರೆ ಅರ್ಧಮರ್ಧ ಸಾಲು ಕೊಡುವ ಬದಲು ಡೇಟಾಬೇಸ್ ಜೋರಾಗಿ ಎರರ್ ಎಸೆಯುತ್ತದೆ. ಪರದೆಯ ಮುಂದೆ ಕೂತ ಒಬ್ಬ ಗುಮಾಸ್ತರಿಗೆ ಅವರ ಸಾಲುಗಳನ್ನಷ್ಟೇ ತೋರಿಸಿ ಸುಮ್ಮನಿರುವುದು ಸರಿ. ಇಡೀ ಟೇಬಲ್ ಒಯ್ಯಲು ಬಂದವರಿಗೆ ಅರ್ಧ ಕೊಟ್ಟು ಪೂರ್ತಿ ಕೊಟ್ಟಂತೆ ತೋರಿಸುವುದು ಮೋಸ. ಈ ವಿವೇಚನೆಯನ್ನು ಇಂಟಿಗ್ರೇಷನ್ ಸೇವೆಗಳೂ ಕಲಿಯಬಹುದಿತ್ತು. ಒಂದೇ ಸಾಲಿನ ಸೆಟ್ಟಿಂಗ್ ಅದು. ನಿನ್ನೆ 4 ಲಕ್ಷ ಸಾಲು ತಂದ ಜಾಬ್ ಇವತ್ತು ಸೊನ್ನೆ ತಂದರೆ ಹಸಿರು ಬಣ್ಣ ಹಚ್ಚುವ ಮುನ್ನ ಒಂದು ಸಲ ಅನುಮಾನಪಡಬೇಕು ಎಂಬಷ್ಟು ಲೋಕಜ್ಞಾನವನ್ನೂ ಯಂತ್ರಕ್ಕೆ ಕಲಿಸುವುದು ಕಷ್ಟವಲ್ಲ.

ಮೌನ ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ಗಿಟ್‌ಲ್ಯಾಬ್ ಕಂಪನಿಯ 2017ರ ಜನವರಿ 31ರ ರಾತ್ರಿಯ ಘಟನೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಂಪನಿಯೇ ಅದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದೆ. ಮುಖ್ಯ ಪೋಸ್ಟ್‌ಗ್ರೆಸ್ ಮತ್ತು ಅದರ ನಕಲು ಇಟ್ಟುಕೊಳ್ಳುವ ಎರಡನೇ ಸರ್ವರಿನ ನಡುವೆ ಸಂಪರ್ಕ ಕಡಿದುಹೋಗಿತ್ತು. ನಕಲನ್ನು ಹೊಸದಾಗಿ ತುಂಬಿಸಲು ಪಿಜಿ_ಬೇಸ್‌ಬ್ಯಾಕಪ್ ಎಂಬ ಸಾಧನ ಓಡಿಸಿದರು. ಮೊದಲು ಮುಖ್ಯ ಸರ್ವರಿನಲ್ಲಿ ನಕಲಿಗೆ ಬೇಕಾದ ಸಂಪರ್ಕಗಳು ಸಾಲದು ಎಂಬ ಎರರ್ ಬಂತು. ಅದನ್ನು ಹೆಚ್ಚಿಸಿದರು. ಹೆಚ್ಚಿಸಿ ಮರುಚಾಲೂ ಮಾಡಹೋದಾಗ ಸರ್ವರ್ ಏಳಲಿಲ್ಲ. ಒಟ್ಟು ಕನೆಕ್ಷನ್ ಮಿತಿ 8000 ಇದ್ದದ್ದೇ ಅತಿಯಾಯಿತು ಎಂದು ಅದನ್ನು 2000ಕ್ಕೆ ಇಳಿಸಿದರು. ಇಲ್ಲಿಯ ತನಕ ಯಂತ್ರ ಕಾರಣ ಹೇಳಿತ್ತು, ಮನುಷ್ಯರು ಸರಿಪಡಿಸಿದ್ದರು. ಆಮೇಲೆ ಪಿಜಿ_ಬೇಸ್‌ಬ್ಯಾಕಪ್ ಏನೂ ಹೇಳದೆ ನಿಂತುಬಿಟ್ಟಿತು. ಅದು ಆ ಕಡೆಯಿಂದ ಮಾಹಿತಿ ಬರಲಿ ಎಂದು ಕಾಯುತ್ತಿತ್ತು, ಹಾಗೆ ಕಾಯುವುದು ಅದರ ಸಹಜ ನಡವಳಿಕೆ. ಆದರೆ ಕಾಯುತ್ತಿದ್ದೇನೆ ಎಂಬ ಒಂದು ಮಾತು ಅದರ ಬಾಯಿಂದ ಬರಲಿಲ್ಲ. ಸಿಕ್ಕಿಹಾಕಿಕೊಂಡಿದೆ ಎಂದು ಭಾವಿಸಿದ ಎಂಜಿನಿಯರ್, ಎರಡನೇ ಸರ್ವರಿನ ಡೇಟಾ ಫೋಲ್ಡರ್ ಅಳಿಸಿ ಮತ್ತೆ ಶುರುಮಾಡೋಣ ಎಂದು ಅಳಿಸುವ ಆಜ್ಞೆ ಕೊಟ್ಟರು. ಕೊಟ್ಟದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ಇತ್ತಲ್ಲ ಅಂದರೆ ಅಲ್ಲೂ ಅದೇ ಕತೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯಲು ಓಡುತ್ತಿದ್ದ ಪಿಜಿ_ಡಂಪ್ 9.2. ಹೊಂದುವುದಿಲ್ಲ ಎಂದು ಅದು ಪ್ರತಿ ಸಲ ಎರರ್ ಕೊಟ್ಟು ನಿಲ್ಲುತ್ತಿತ್ತು. ಎರರ್ ಇಮೇಲಿನಲ್ಲಿ ಹೋಗುತ್ತಿತ್ತು. ಆ ಇಮೇಲುಗಳಿಗೆ, ಕಳಿಸಿದವರ ಗುರುತು ಖಚಿತಪಡಿಸುವ ಡಿಮಾರ್ಕ್ ಎಂಬ ಏರ್ಪಾಡಿನ ಪ್ರಕಾರ ಬೇಕಾದ ಸಹಿ ಇರಲಿಲ್ಲವೆಂದು ಸ್ವೀಕರಿಸುವ ಕಡೆ ಅವನ್ನು ತಿರಸ್ಕರಿಸಲಾಗುತ್ತಿತ್ತು. ಅಂದರೆ ಒಂದು ಭದ್ರತಾ ಏರ್ಪಾಡು ಇನ್ನೊಂದು ಏರ್ಪಾಡಿನ ಎಚ್ಚರಿಕೆಯನ್ನು ನುಂಗಿಹಾಕಿತ್ತು. ಕೊನೆಗೆ ಕೈಹಿಡಿದದ್ದು ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ನಕಲು. ಈ ಕತೆಯನ್ನು ಜನ ಸಾಮಾನ್ಯವಾಗಿ ‘ತಪ್ಪು ಸರ್ವರಿನಲ್ಲಿ ಆಜ್ಞೆ ಕೊಟ್ಟ ಎಂಜಿನಿಯರ್’ ಎಂದು ನೆನೆಯುತ್ತಾರೆ. ನಾನು ಅದನ್ನು ಓದುವುದು ಬೇರೆ ರೀತಿ. ರಾತ್ರಿ ಹನ್ನೊಂದರ ನಂತರ ದಣಿದ ಮನುಷ್ಯನ ಕೈ ತಪ್ಪುವುದು ಸಹಜ. ಆ ಕೈಯನ್ನು ಅಳಿಸುವ ಆಜ್ಞೆಯವರೆಗೆ ತಂದದ್ದು ಒಂದು ಸಾಧನದ ಮೌನ, ಕೆಳಗೆ ಬಲೆ ಇಲ್ಲದಂತೆ ಮಾಡಿದ್ದು ಯಾರಿಗೂ ತಲುಪದ ಇನ್ನೊಂದು ಎರರ್.

ಎದುರುವಾದ ಹಗುರವಾದುದಲ್ಲ. ಲಾಗಿನಲ್ಲಿ ಕಾರಣ ಬರೆದಿಟ್ಟರೆ ಲಾಗೇ ಕಳ್ಳನಿಗೆ ನಕ್ಷೆಯಾಗಬಹುದು. ಜನ ಅವಸರದಲ್ಲಿ ಬಳಕೆದಾರರ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಲಾಗಿನಲ್ಲಿ ಉಳಿಯುತ್ತದೆ. ಎಲ್ಲರಿಗೂ ಲಾಗ್ ತೋರಿಸಿ ಎಂದು ಕೇಳುವುದು ಎಲ್ಲ ಪರ್ಮಿಷನ್ ಕೊಡಿ ಎಂದು ಕೇಳಿದಷ್ಟೇ ಅವಿವೇಕ. ಹಾಗಿದ್ದರೆ ಮಾಡಬಹುದಾದ್ದೇನು? ಅಮೆಜಾನಿನ ಕ್ಲೌಡ್ ತನ್ನ ಕೆಲವು ಸೇವೆಗಳಲ್ಲಿ ಒಂದು ಒಳ್ಳೆಯ ದಾರಿ ಹಿಡಿದಿದೆ. ಅನುಮತಿ ಇಲ್ಲ ಎಂದು ಹೇಳುವಾಗ ಅದು ಜೊತೆಗೆ ಉದ್ದವಾದ ಒಂದು ಗೂಢ ಅಕ್ಷರಮಾಲೆ ಕೊಡುತ್ತದೆ. ಯಾವ ನಿಯಮದಿಂದ, ಯಾರ ಪರವಾಗಿ ಕೇಳಿದ ಯಾವ ಕೆಲಸ ತಡೆಯಲ್ಪಟ್ಟಿತು ಎಂಬುದೆಲ್ಲ ಅದರೊಳಗೆ ಅಡಗಿರುತ್ತದೆ. ಎರರ್ ಕಂಡವರು ಅದನ್ನು ಓದಲಾರರು, ಆದರೆ ಕಾಪಿ ಮಾಡಿ ಟಿಕೆಟಿನಲ್ಲಿ ಹಾಕಬಲ್ಲರು. ಬಿಡಿಸಿ ಓದಲು ಪ್ರತ್ಯೇಕ ಅನುಮತಿ ಬೇಕು, ಅದಿರುವವರು ಒಂದು ಆಜ್ಞೆಯಲ್ಲಿ ಬಿಡಿಸುತ್ತಾರೆ. ಲಕೋಟೆ ಒಬ್ಬರ ಕೈಯಲ್ಲಿ, ತೆರೆಯುವ ಹಕ್ಕು ಇನ್ನೊಬ್ಬರಲ್ಲಿ. ‘ಎರರಲ್ಲಿ ಏನೂ ಇಲ್ಲ ಸಾರ್’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಎಲ್ಲ ಡೇಟಾಬೇಸುಗಳಿಗೂ ಇದು ಇನ್ನೂ ಬಂದಿಲ್ಲ. ನಾನು ಹೊಗಳಿದ ಪೋಸ್ಟ್‌ಗ್ರೆಸ್‌ನಲ್ಲೂ ದೃಢೀಕರಣದಲ್ಲೇ ಸೋತವರಿಗೆ ತಮ್ಮ ಸೋಲಿನ ಗುರುತು ಸಂಖ್ಯೆ ಸಿಗುವುದಿಲ್ಲ. ಸರ್ವರಿನ ಲಾಗಿನಲ್ಲಿ ಪ್ರತಿ ಸಾಲಿಗೂ ಪ್ರೊಸೆಸ್ ಸಂಖ್ಯೆ ಇರುತ್ತದೆ, ಆದರೆ ಆ ಸಂಖ್ಯೆಯನ್ನು ಅದು ಕರೆದವರಿಗೆ ತಿಳಿಸುವುದು ದೃಢೀಕರಣ ಮುಗಿದ ಮೇಲೆ. ಬೆಳಗಿನ ಜಾವ 2 ಗಂಟೆ 14 ನಿಮಿಷಕ್ಕೆ ಬಿದ್ದ ಎರರಿಗೆ ಲಾಗಿನ ಯಾವ ಸಾಲು ಸಂಬಂಧಿಸಿದ್ದು ಎಂದು ಹೊಂದಿಸಲು ಗಡಿಯಾರ ಒಂದೇ ಆಧಾರ. ಇಂಟಿಗ್ರೇಷನ್ ಸೇವೆ ಯುಟಿಸಿ ಸಮಯ ತೋರಿಸುತ್ತಿದ್ದು ಸರ್ವರ್ ಭಾರತದ ಸಮಯ ಬರೆಯುತ್ತಿದ್ದರೆ ಐದೂವರೆ ಗಂಟೆ ಕೂಡಿಸಿ ಹುಡುಕಬೇಕು. ಎರರ್ ಸಾಲಿನ ಕೊನೆಗೆ ಒಂದು ಸಂಖ್ಯೆ ಸೇರಿಸುವುದರಿಂದ ಕಳ್ಳನಿಗೆ ಸಿಗುವುದು ಏನೂ ಇಲ್ಲ. ಡಿಬಿಎಗೆ ಫೋನ್ ಮಾಡಿದ ಹುಡುಗ ‘ಸಾರ್, 48213 ನೋಡಿ’ ಎಂದು ಹೇಳಬಹುದು; ಅವರು ಆ ಸಾಲು ತೆಗೆದು, ಅವಧಿ ಮುಗಿದ ಒಂದು ಪಾಸ್‌ವರ್ಡ್ ಬದಲಿಸಿ ಮಲಗಬಹುದು. ಡೇಟಾಬೇಸ್ ಮಾರುವವರನ್ನೂ ಇಂಟಿಗ್ರೇಷನ್ ಸೇವೆ ಮಾರುವವರನ್ನೂ ಖರೀದಿಯ ಮಾತುಕತೆಗೆ ಕೂರಿಸಿದಾಗ, ಎಷ್ಟು ವೇಗ ಎಷ್ಟು ದರ ಎಂದು ಕೇಳುವ ಕಂಪನಿಗಳು ನಿರಾಕರಿಸಿದಾಗ ಏನು ಹೇಳುತ್ತೀರಿ, ಎಲ್ಲಿ ಬರೆಯುತ್ತೀರಿ, ಯಾರು ಓದಬಹುದು ಎಂಬುದನ್ನೂ ಕರಾರುಪತ್ರದಲ್ಲಿ ಬರೆಸಿಕೊಳ್ಳಲು ಶುರುಮಾಡಿದರೆ ಆ ಸಂಖ್ಯೆ ಬರಲು ಹೆಚ್ಚು ಆವೃತ್ತಿಗಳೇನೂ ಬೇಕಾಗಲಿಕ್ಕಿಲ್ಲ.